ದಾದಾಸಾಹೇಬರ ಹನಿ ನೀರಾವರಿ

ಭೋಜ ಗ್ರಾಮದ ದಾದಾಸಾಹೇಬ ಮಗದುಮ್ಮರು ಹೆಸರಿನಲ್ಲಿ ದಾದಾನೂ ಹೌದು, ಸಾಹೇಬರೂ ಹೌದು. ಮನೆಯಲ್ಲಿ ಮಾತ್ರ ಎರಡೂ ಅಧಿಕಾರ ಹೆಂಡತಿ ಚಂದ್ರಮತಿಯ ಕೈಯಲ್ಲಿತ್ತು. ಅದರ ಬಗ್ಗೆ ಅವರ ತಕರಾರಿರಲಿಲ್ಲ. ಇಪ್ಪತ್ತು ಗುಂಟೆ ಮೆಣಸಿನಕಾಯಿ ತೋಟ, ಹೊತ್ತು ಮುಳುಗುವ ಮುನ್ನ ಬಿಸಿ ಊಟ, ಇಷ್ಟಿದ್ದರೆ ಅವರ ಸಂಸಾರ ಸಾಗರವಲ್ಲ, ಸಣ್ಣ ಕೆರೆ.

ಈ ವರ್ಷ ತೋಟಕ್ಕೆ ಹನಿ ನೀರಾವರಿ ಹಾಕಿಸಿದರು. ಹಣವೆಲ್ಲ ಕೈಯಿಂದಲೇ ಕಟ್ಟಿದ್ದರು. ಸರಕಾರದ ಸಹಾಯಧನ ಬಂದ ಮೇಲೆ ಅದರಲ್ಲಿ ಅಡುಗೆಮನೆಗೆ ಕಡಪಾ ಕಲ್ಲಿನ ಕಟ್ಟೆ ಆಗಬೇಕು. ಹದಿನೆಂಟು ವರ್ಷಗಳಿಂದ ಚಂದ್ರಮತಿ ಕೇಳುತ್ತಿದ್ದದ್ದು ಅದೊಂದೇ.

ತೊಡಕು ಇಲಿಗಳದ್ದು. ಪೈಪು ಕಂಡರೆ ಕಡಿಯುತ್ತಿದ್ದವು. ಅಕ್ಕಪಕ್ಕದ ಹೊಲದವರು ವಿಷದ ಗುಳಿಗೆ ಇಡುತ್ತಿದ್ದರು; ಜೀವ ಕೊಲ್ಲದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರಾದ ದಾದಾಸಾಹೇಬರಿಗೆ ಅದು ಆಗದ ಮಾತು. ಹಾಗಾಗಿ ಪ್ರತಿ ಸಲ ನೀರು ಬಿಟ್ಟಾದ ಮೇಲೆ ಮೂವತ್ತೆರಡು ಸಾಲಿನ ಪೈಪನ್ನೂ ಬಿಚ್ಚಿ, ಸುತ್ತಿ, ಹೊಲದಂಚಿನ ಮನೆಗೆ ಹೊತ್ತು ತಂದು ಗೂಟಕ್ಕೆ ನೇತುಹಾಕುತ್ತಿದ್ದರು. ನೀರಿನ ಹನಿ ಉಳಿಯಿತು, ಬೆವರಿನ ಹನಿ ಹೆಚ್ಚಿತು.

ಒಂದು ಮಧ್ಯಾಹ್ನ ತೋಟಗಾರಿಕೆ ಇಲಾಖೆಯ ನೌಕರ ಸಮಾಧಾನ ಎಂಬವನು ತಪಾಸಣೆಗೆ ಬಂದ. ಹೆಸರು ಸಮಾಧಾನ, ಸ್ವಭಾವ ಅವಸರ.

"ಪೈಪ್ ಎಲ್ಲಿ ಅದಾವ್ರಿ ಕಾಕಾ?"

"ಮನ್ಯಾಗ ಅದಾವ್ರಿ."

"ಮೆಣಸಿನಕಾಯೀನೂ ಮನ್ಯಾಗ ಬೆಳೀತೀರೇನ್ರಿ?"

ದಾದಾಸಾಹೇಬರು ಇಲಿಗಳ ಸಂಗತಿ ಹೇಳಿದರು.

"ಔಷಧ ಇಡ್ರಿ. ಎಲ್ಲಾರೂ ಇಡತಾರ."

"ಅದು ನಮ್ಮಿಂದ ಆಗೂದಿಲ್ರಿ."

"ಹಂಗಾದ್ರ ಇವತ್ತ ಹಾಸ್ರಿ, ಫೋಟೊ ತಗೋತೇನಿ. ಇನ್ನ ಹದಿನೈದ ದಿನದಾಗ ನಮ್ಮ ಸಾಹೇಬ್ರು ಯಾವಾಗರೆ ಬರತಾರ. ಆಗ ಪೈಪ್ ಹೊಲದಾಗ ಕಾಣಲಿಲ್ಲಂದ್ರ, ಇಲ್ಲಾ ಚೂರುಚೂರ ಆಗಿದ್ರ, ಅರ್ಜಿ ವಾಪಸ್."

ಗಂಡ ಹೆಂಡತಿ ಸೇರಿ ಹಾಸಿದರು. ಫೋಟೊ ಆಯಿತು. ಮರುದಿನದಿಂದ ದಾದಾಸಾಹೇಬರು ಸಂಜೆಯ ಊಟಕ್ಕೆ ಮುಂಚೆ ಒಂದು ಡಬ್ಬಿ ಜೋಳ ಒಯ್ದು ಬದುವಿನ ಬಿಲಗಳ ಮುಂದೆ ಚೆಲ್ಲತೊಡಗಿದರು. ಹೊಟ್ಟೆ ತುಂಬಿದವರು ಪ್ಲಾಸ್ಟಿಕ್ಕಿಗೆ ಯಾಕೆ ಬಾಯಿ ಹಾಕುತ್ತಾರೆ ಎಂಬುದು ಅವರ ಲೆಕ್ಕ.

ಚಂದ್ರಮತಿ ಬಾಗಿಲಲ್ಲಿ ನಿಂತು ನೋಡಿದಳು. "ಸರಕಾರ ಇನ್ನೂ ನಮಗ ಕೊಟ್ಟಿಲ್ಲ, ನೀವು ಇಲಿಗೋಳಿಗೆ ಸಬ್ಸಿಡಿ ಹಂಚಾಕತ್ತೀರಿ. ಅವುದ್ದು ಆಧಾರ ಲಿಂಕ್ ಆಗೇತೇನ್ರಿ?"

"ಆಗೇತಿ. ಬಿಲಾ ನೋಡಿ ಕೊಡಾಕತ್ತೇನಿ."

"ನನ್ನ ಕಟ್ಟಿ ಏನರ ಹ್ವಾದ್ರ, ನೀವೂ ಅಲ್ಲೇ ಬಿಲದ ಮುಂದ ಉಣ್ಣಾಕ ಕುಂದರ್ರಿ."

ಬೆಳಿಗ್ಗೆ ಎದ್ದವರೇ ದಾದಾಸಾಹೇಬರು ಸಾಲು ಸಾಲು ಬಗ್ಗಿ ನೋಡುತ್ತಿದ್ದರು. ಐದನೆಯ ದಿನ ಒಂದು ಕಡಿತ, ಒಂಬತ್ತನೆಯ ದಿನ ಇನ್ನೊಂದು. ಕಡಿದ ಜಾಗಕ್ಕೆ ಜೋಡಣೆಯ ತುಂಡು ಹಾಕಿ ಬಿಗಿದರು. ಅವತ್ತಿನಿಂದ ಡಬ್ಬಿ ಎರಡಾಯಿತು.

ಹನ್ನೊಂದನೆಯ ದಿನ ಸಮಾಧಾನನ ಹಿಂದೆ ಇಲಾಖೆಯ ಸಾಹೇಬರೂ ಬಂದರು. ಕೊನೆಯ ಸಾಲಿನವರೆಗೂ ನಡೆದು ಬದುವಿನ ಹತ್ತಿರ ನಿಂತರು.

"ಇದೇನ್ರಿ, ಬದುವಿನ ಮ್ಯಾಲ ಜೋಳಾ ಬಿತ್ತೀರಿ?"

ಸುಳ್ಳು ಹೇಳಲು ದಾದಾಸಾಹೇಬರಿಗೆ ಬರುತ್ತಿರಲಿಲ್ಲ. ಇದ್ದದ್ದನ್ನೇ ಹೇಳಿದರು. ಸಾಹೇಬರು ಬಿಲವನ್ನು ಬಗ್ಗಿ ನೋಡಿ, ಕೈಯಲ್ಲಿದ್ದ ನಮೂನೆಯ ಹಾಳೆ ತೆರೆದರು.

"ನಮ್ಮ ನಮೂನೆದಾಗ ಪೈಪ್ ಅದಾವೋ ಇಲ್ಲೋ ಅಂತ ಅಷ್ಟ ಐತ್ರಿ. ಅದಾವು. ನೀರೂ ಬರಾಕತ್ತೇತಿ," ಎಂದು ಸಹಿ ಹಾಕಿದರು.

ಎರಡು ತಿಂಗಳಿಗೆ ಹಣ ಬಂತು, ಕಟ್ಟೆಯೂ ಆಯಿತು. ಪೈಪು ಮತ್ತೆ ಗೂಟ ಹತ್ತಲಿಲ್ಲ. ಹೊಸ ಕಲ್ಲಿನ ಮೇಲೆ ಮೊರವಿಟ್ಟು ಜೋಳ ಹಸನು ಮಾಡುತ್ತಿದ್ದ ಚಂದ್ರಮತಿ, ನುಚ್ಚನ್ನು ಬೇರೆ ತೆಗೆದು ಗಂಡನ ಡಬ್ಬಿಗೆ ಸುರಿದಳು.

"ಗಟ್ಟಿ ಕಾಳ ಒಯ್ಯಬ್ಯಾಡ್ರಿ. ಅವಕ್ಕ ಇದ ಸಾಕು."

ದಾದಾಸಾಹೇಬರು ಡಬ್ಬಿ ಹಿಡಿದು ಹೊರಟರು. ಊಟಕ್ಕೆ ಇನ್ನೂ ಅರ್ಧ ಗಂಟೆಯಷ್ಟು ಬಿಸಿಲಿತ್ತು.