ಫಕೀರಬಿ ಓದಿದ ಮೊದಲ ಕಾಗದ

ಡಂಬಳದ ಕೆರೆಯ ಕೆಳಗೆ, ಮುಂಡರಗಿ ರಸ್ತೆಯ ಮಗ್ಗುಲಲ್ಲಿ ಪುಂಡಲೀಕಪ್ಪನ ನರ್ಸರಿ ಇತ್ತು. ಹೆಸರು ಅವನದು, ಕೈ ಫಕೀರಬಿಯದು. ಊರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಪುಂಡಲೀಕಪ್ಪನನ್ನು ಕೇಳಿದರೆ ಅವನೂ ಹೇಳುತ್ತಿದ್ದ. ಹೇಳುವುದಕ್ಕೇನು, ಬಾಯಿಮಾತಿಗೆ ಖರ್ಚಿಲ್ಲವಲ್ಲ.

ಪುಂಡಲೀಕಪ್ಪ ಹುಟ್ಟಾ ತೋಟಗಾರನಲ್ಲ. ಮುಂಡರಗಿ ಬಜಾರದಲ್ಲಿ ಕಿರಾಣಿ ಅಂಗಡಿ ಇಟ್ಟು ಕೈಸುಟ್ಟುಕೊಂಡು, ಎಪ್ಪತ್ತಮೂರರಲ್ಲಿ ಅಪ್ಪನ ಎರಡೆಕರೆ ಬಾವಿ ಹೊಲಕ್ಕೆ ಮರಳಿದವನು. ಲಿಂಬಿ, ಕರಿಬೇವು, ನುಗ್ಗಿ ಸಸಿ ಬೆಳೆಸಿ ಮಾರುವ ಯೋಚನೆ ಮಾಡಿದ. ಆದರೆ ಬೀಜ ಎಷ್ಟು ಆಳಕ್ಕಿರಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ. ಗೇಣುದ್ದ ತೋಡಿ ತೋಡಿ ಹಾಕುತ್ತಿದ್ದ. ಅವತ್ತು ಕಳೆ ತೆಗೆಯಲು ಕೂಲಿಗೆ ಬಂದಿದ್ದ ಫಕೀರಬಿ ಅದನ್ನು ನೋಡಿ ನಗು ತಡೆಯಲಾರದೆ, "ಧಣ್ಯಾರ, ಬೀಜಾ ಹಾಕಾಕತ್ತೀರೋ, ಹೆಣಾ ಹೂಳಾಕತ್ತೀರೋ?" ಎಂದಳು. ಬೀಜ ಎಷ್ಟು ದಪ್ಪವೋ ಮೇಲೆ ಅಷ್ಟೇ ಮಣ್ಣು ಸಾಕೆಂದು ಕೂತು ತೋರಿಸಿದಳು. ಒಂದು ದಿನದ ಕೂಲಿಗೆ ಬಂದವಳು ಹನ್ನೊಂದು ವರ್ಷ ಅಲ್ಲೇ ಉಳಿದಳು.

ಆಗ ಅವಳಿಗೆ ನಲವತ್ತು. ಗಂಡ ಮಾಶಾಕ ಗಾದಿ ಹೊಲಿಯುತ್ತಿದ್ದವನು, ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದಳು. ಒಬ್ಬಳ ಹೊಟ್ಟೆ, ಒಂದು ಕೋಣೆಯ ಮನೆ, ಹಿಂದೆ ನಾಲ್ಕು ಮಾರು ಹಿತ್ತಲು. ನರ್ಸರಿ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ.

ಅವಳ ಕೆಲಸದ ರೀತಿಯೇ ಬೇರೆ. ಜಾಲಿ ಬೀಜವನ್ನು ಅವಳು ಎಂದೂ ಗಿಡದಿಂದ ಕಿತ್ತವಳಲ್ಲ. ಮೈದುನ ಯಮನೂರಸಾಬ ಆಡು ಕೂಡುತ್ತಿದ್ದ ದಡ್ಡಿಯಿಂದ ತರುತ್ತಿದ್ದಳು. ಆಡು ಜಾಲಿಕಾಯಿ ತಿಂದು, ಮೆಲುಕು ಹಾಕುವಾಗ ಉಗುಳಿದ ಬೀಜ, ಹಿಕ್ಕೆಯೊಳಗೆ ಬಿದ್ದ ಬೀಜ, ಎಲ್ಲವನ್ನೂ ಗುಡಿಸಿ, ತೊಳೆದು, ಒಣಗಿಸಿ ಚೀಲ ಕಟ್ಟುತ್ತಿದ್ದಳು. ಗಿಡದ ಬೀಜದ ಸಿಪ್ಪೆ ಕಲ್ಲಿನ ಹಾಗೆ. ಆಡಿನ ಹೊಟ್ಟೆಯನ್ನು ಹಾದು ಬಂದದ್ದು ಮೆತ್ತಗಾಗಿ, ಎಂಟು ದಿನಕ್ಕೆ ಎಲ್ಲವೂ ಒಮ್ಮೆಲೇ ತಲೆ ಎತ್ತುತ್ತದೆ. ಸರಕಾರ ರಸ್ತೆ ಬದಿಗೆ, ಗೋಮಾಳಕ್ಕೆ ಗಿಡ ಹಚ್ಚಿಸಲು ಸಾವಿರಗಟ್ಟಲೆ ಸಸಿ ಕೊಳ್ಳತೊಡಗಿದ ಮೇಲೆ, ಪುಂಡಲೀಕಪ್ಪನ ಜಾಲಿ ಸಸಿಗೆ ಗದಗಿನವರೆಗೂ ಹೆಸರಾಯಿತು. ಆಡಿನ ಹೆಸರನ್ನಾಗಲಿ ಫಕೀರಬಿಯ ಹೆಸರನ್ನಾಗಲಿ ಯಾರೂ ಕೇಳಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಹೊಸ ಯೋಜನೆಯ ಸುತ್ತೋಲೆ ಬಂತು. ರಜೆಯಲ್ಲಿ ವಿದ್ಯಾರ್ಥಿಗಳು ಪರಿಸರದ ಕೆಲಸ ಕಲಿಯಬೇಕು. ಅವರನ್ನು ಅರವತ್ತು ದಿನ ಕೆಲಸಕ್ಕಿಟ್ಟುಕೊಂಡ ಮಾಲಕನಿಗೆ ಕೂಲಿಯ ಅರ್ಧ ಸರಕಾರ ಕೊಡುತ್ತದೆ. ಹತ್ತು ಮಂದಿಯನ್ನು ಇಟ್ಟುಕೊಂಡವರ ಸಸಿಯನ್ನೇ ಮೊದಲು ಕೊಳ್ಳುತ್ತದೆ. ಪುಂಡಲೀಕಪ್ಪ ಅದನ್ನು ಎರಡು ಸಲ ಓದಿದ. ಮರುದಿನ ಬೆಳಿಗ್ಗೆ ಫಕೀರಬಿ ಸಸಿಗೆ ನೀರು ಹಾಕುವ ಝಾರಿ ತುಂಬುತ್ತಿದ್ದಾಗ ಬಂದು, ಈ ಎರಡು ತಿಂಗಳು ನೀನು ಬರುವುದು ಬೇಡ, ಹುಡುಗರು ಬರುತ್ತಾರೆ ಎಂದ.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಯಾವ ಹುಡುಗರು, ಯಾಕೆ ಬರುತ್ತಾರೆ, ಬಂದರೆ ತಾನೇಕೆ ಬರಬಾರದು? ಅರ್ಥವಾದಾಗ ತಾನು ಕೆಲಸ ತಪ್ಪಿಸಿದ ದಿನಗಳನ್ನು ಎಣಿಸಿದಳು. ಹನ್ನೊಂದು ವರ್ಷದಲ್ಲಿ ಅವಳು ತಪ್ಪಿಸಿದ್ದು ಎರಡೇ ಸಲ. ಒಮ್ಮೆ ಮಗಳ ಬಾಣಂತನ, ಒಮ್ಮೆ ಕಾಲಿಗೆ ಮುಳ್ಳು ಮುರಿದು ಕೀವಾದಾಗ. ಬೇಡ ಎಂಬ ಮಾತು ಅವಳ ಕಿವಿಗೆ ಬಿದ್ದದ್ದೇ ಇರಲಿಲ್ಲ. ಝಾರಿ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನೋಡುತ್ತ ನಿಂತಿದ್ದಳು.

ಬಂದವರು ಗದಗಿನ ಕಾಲೇಜಿನವರು. ಅವರಲ್ಲಿ ಮುಂದಾಳು ಸೊರಟೂರಿನ ಮಂಜವ್ವ, ವಿಜ್ಞಾನ ಓದುತ್ತಿದ್ದವಳು, ಡಂಬಳದ ಸೋದರತ್ತೆಯ ಮನೆಯಲ್ಲಿ ಉಳಿದಿದ್ದಳು. ಒಳ್ಳೆಯ ಹುಡುಗಿ, ಮಣ್ಣಿಗೆ ಹೇಸಿದವಳಲ್ಲ. ಜಾಲಿ ಬೀಜದ ಸಿಪ್ಪೆ ಗಟ್ಟಿ, ಕುದಿಯುವ ನೀರು ಹೊಯ್ದು ನೆನೆಸಿ ಬಿತ್ತಬೇಕೆಂದು ಅವಳ ಪುಸ್ತಕದಲ್ಲಿತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಮೂರು ಚೀಲ ಬೀಜ ಗಿಡದ್ದಲ್ಲ, ಆಡಿನ ದಡ್ಡಿಯದು ಎಂಬುದನ್ನು ಮಾತ್ರ ಯಾರೂ ಅವಳಿಗೆ ಹೇಳಲಿಲ್ಲ. ಹೇಳಬೇಕಾದವಳನ್ನು ಮನೆಗೆ ಕಳಿಸಿ ಆಗಿತ್ತು. ಬೀಜ ಎಲ್ಲಿಂದ ಬರುತ್ತದೆಂದು ಎಂದೂ ಕೇಳದ ಪುಂಡಲೀಕಪ್ಪನೋ, ಪುಸ್ತಕ ಹಿಡಿದು ಕೆಲಸ ಮಾಡುವ ಹುಡುಗಿಯನ್ನು ಬೆರಗಾಗಿ ನೋಡುತ್ತ ಹಂಡೆಗೆ ಬೆಂಕಿ ತಾನೇ ಹಾಕಿದ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎನ್ನುತ್ತಾರೆ, ಅವತ್ತು ಆ ಮುಕ್ಕಾಲು ಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿತ್ತು.

ಎಂಟು ದಿನವಾಯಿತು, ಹದಿನೈದಾಯಿತು. ಹತ್ತು ಸಾವಿರ ಪ್ಲಾಸ್ಟಿಕ್ ಪಾಕೀಟಿನಲ್ಲಿ ಒಂದು ಹಸಿರು ಕಡ್ಡಿ ಕಾಣಲಿಲ್ಲ. ಪುಂಡಲೀಕಪ್ಪ ಫಕೀರಬಿಯ ಬಾಗಿಲಿಗೆ ಬಂದು ನಿಂತ. ಅವನು ನಡೆದದ್ದನ್ನು ಹೇಳುತ್ತಿದ್ದಂತೆ ಅವಳ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

"ಕುದಿಯೋ ನೀರ?" ಎಂದಳು. "ಆಡಿನ ಹೊಟ್ಟ್ಯಾಗ ಒಮ್ಮೆ ಬೆಂದ ಬಂದ ಬೀಜಾನ ಮತ್ತ ಕುದಿಸಿದ್ರೇನ? ಮೂರ ಚೀಲಾನೂ?"

ಕೆಲಸ ಹೋದಾಗ ಅಳದವಳು ಆಗ ಅತ್ತುಬಿಟ್ಟಳು. ನಾಲ್ಕು ತಿಂಗಳು ಬಗ್ಗಿ ಬಗ್ಗಿ ಆರಿಸಿದ ಬೀಜ. ಆದರೆ ಅಳುತ್ತ ಕೂರುವ ಜಾತಿ ಅಲ್ಲ ಅವಳದು. ಯಮನೂರಸಾಬನ ದಡ್ಡಿ ಸಾಲದೆಂದು ಸುತ್ತಲಿನ ಮೂರು ಊರಿನ ದಡ್ಡಿ ತಿರುಗಿ, ಒಂದು ವಾರದಲ್ಲಿ ಮತ್ತೆ ಬೀಜ ಕೂಡಿಸಿದಳು. ಮಂಜವ್ವನೂ ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹಿಕ್ಕೆ ಗುಡಿಸಿದಳು. ತನ್ನ ತಪ್ಪು ತಿಳಿದ ದಿನದಿಂದ ಆ ಹುಡುಗಿ ಪುಸ್ತಕ ಬಿಟ್ಟು ಫಕೀರಬಿಯ ಕೈಯನ್ನೇ ನೋಡುತ್ತಿದ್ದಳು. ಮೇ ತಿಂಗಳ ಮೊದಲ ವಾರಕ್ಕೆ ಪಾಕೀಟುಗಳೆಲ್ಲ ಹಸಿರಾದವು, ಪುಂಡಲೀಕಪ್ಪನ ಮಾನ ಉಳಿಯಿತು.

ಇನ್ನು ತನ್ನ ಜಾಗ ಗಟ್ಟಿ ಎಂದುಕೊಂಡಳು ಫಕೀರಬಿ. ಮಳೆ ಬಿದ್ದು ಸಸಿಗಳೆಲ್ಲ ಲಾರಿ ಏರಿದ ದಿನ ಅದನ್ನು ಕೇಳಿಯೂಬಿಟ್ಟಳು. ಪುಂಡಲೀಕಪ್ಪ ತಲೆ ಕೆರೆದುಕೊಂಡ. ಉಳಿದ ದಿನ ಬಾ, ಬೇಸಿಗೆಯ ಎರಡು ತಿಂಗಳು ಮಾತ್ರ ಈ ಸಲದ ಹಾಗೆಯೇ, ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದಿದ್ದರೆ ಸರಕಾರ ಸಸಿ ಕೊಳ್ಳುವುದಿಲ್ಲ ಎಂದ. ಅವಳ ಮುಖ ನೋಡಲಾರದೆ, ಮಾತು ಹಗುರ ಮಾಡಲು, "ನೀನೂ ಶಾಲಿಗೆ ಹೆಸರ ಹಚ್ಚಿಬಿಡ ಅಕ್ಕಾ, ನಿನ್ನ ಅರ್ಧಾ ಕೂಲಿ ಸರಕಾರಾನ ಕೊಡತೈತಿ" ಎಂದ. ಲಾರಿಯ ಹಮಾಲರೆಲ್ಲ ನಕ್ಕರು. ಫಕೀರಬಿ ನಗಲಿಲ್ಲ.

ಸರಕಾರದ ವಯಸ್ಕರ ಶಾಲೆಯನ್ನು ಉಡಚಪ್ಪ ಮಾಸ್ತರ ಸಂಜೆ ಹೊತ್ತು ಊರ ಚಾವಡಿಯಲ್ಲಿ ನಡೆಸುತ್ತಿದ್ದ. ಹಾಜರಿಯಲ್ಲಿ ಮೂವತ್ತು ಹೆಸರು, ಬರುವವರು ನಾಲ್ಕು ಮಂದಿ. ಫಕೀರಬಿ ಬಂದು, ತನ್ನ ಹೆಸರು ಹಚ್ಚಿಕೊಳ್ಳಬೇಕು, ತಾನು ವಿದ್ಯಾರ್ಥಿಯಾಗಬೇಕು ಎಂದಾಗ ಮಾಸ್ತರ ತಮಾಷೆ ಎಂದುಕೊಂಡ. ಐವತ್ತೊಂದರ ಹೆಂಗಸು ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಕತ್ತಲಲ್ಲಿ ಮುಟ್ಟಿ ಬೇವಿನ ಬೀಜ ಜೊಳ್ಳೋ ಗಟ್ಟಿಯೋ ಹೇಳುವ ಬೆರಳಿಗೆ ಬಳಪ ಹಿಡಿಯಲು ಬರುತ್ತಿರಲಿಲ್ಲ. ಒತ್ತಿ ಒತ್ತಿ ಮೂರು ಬಳಪ ಮುರಿದಳು. ಓಣಿಯ ಹೆಂಗಸರು, ಮೊಮ್ಮಕ್ಕಳಿಗೆ ಪಾಠ ಹೇಳುತ್ತೀಯೋ, ಮಾಮಲೇದಾರಳಾಗುತ್ತೀಯೋ ಎಂದು ಚುಡಾಯಿಸಿದರು. ಅವಳಿಗೆ ಅಕ್ಷರದ ಹಂಬಲವೇನೂ ಇರಲಿಲ್ಲ. ಬೇಸಿಗೆಯ ಆ ಎರಡು ತಿಂಗಳು ಬೇಕಿತ್ತು. ಬೇಸಿಗೆಯೆಂದರೆ ಬಿತ್ತುವ ಕಾಲ, ಆಗ ಇಲ್ಲದಿದ್ದರೆ ನರ್ಸರಿಯಲ್ಲಿ ಇದ್ದರೇನು ಬಿಟ್ಟರೇನು. ಆದರೂ ಚಳಿಗಾಲ ಮುಗಿಯುವ ಹೊತ್ತಿಗೆ ಅಂಗಡಿಯ ಹಲಗೆ, ಬಸ್ಸಿನ ಬೋರ್ಡು ಕೂಡಿಸಿ ಕೂಡಿಸಿ ಓದತೊಡಗಿದಳು.

ಮರುವರ್ಷ ವಿದ್ಯಾರ್ಥಿಗಳನ್ನು ಆರಿಸಲು ಇಲಾಖೆಯ ಸಾಹೇಬರು ನರ್ಸರಿಗೆ ಬಂದಾಗ ಸಾಲಿನ ಕೊನೆಗೆ ಫಕೀರಬಿ ನಿಂತಿದ್ದಳು. ಕೈಯಲ್ಲಿ ಮಾಸ್ತರ ಬರೆದುಕೊಟ್ಟ ಚೀಟಿ, ಕೆಳಗೆ ಸರಕಾರಿ ಸಿಕ್ಕೆ. ಪುಂಡಲೀಕಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸಾಹೇಬರು ಸುತ್ತೋಲೆಯನ್ನು ಎರಡು ಸಲ ಓದಿದರು. ಸರಕಾರಿ ಶಾಲೆಯ ಹಾಜರಿಯಲ್ಲಿ ಹೆಸರಿರಬೇಕೆಂದಿತ್ತು, ವಯಸ್ಸು ಎಲ್ಲಿಯೂ ಬರೆದಿರಲಿಲ್ಲ. ಅಂಥ ವಿದ್ಯಾರ್ಥಿ ಬಂದಾಳೆಂದು ಬರೆದವನ ಕನಸಿನಲ್ಲಿಯೂ ಬಂದಿರಲಾರದು. ಆ ವರ್ಷ ಹತ್ತಕ್ಕೆ ಒಬ್ಬರು ಕಡಿಮೆಯೂ ಇದ್ದರು. ಸಾಹೇಬರು ನಕ್ಕು, ಹೆಸರು ಬರೆದುಕೊಂಡರು.

ಅರವತ್ತು ದಿನ ಅವಳು ಹುಡುಗ ಹುಡುಗಿಯರ ಸಾಲಿನಲ್ಲಿ ನಿಂತು ಬೆಳಿಗ್ಗೆ ಹಾಜರಿ ಹೇಳಿದಳು. ಆಮೇಲೆ ಎಲ್ಲರೂ ಅವಳ ಹಿಂದೆ ಹೋಗುತ್ತಿದ್ದರು. ಮಣ್ಣು ಎಷ್ಟು, ಗೊಬ್ಬರ ಎಷ್ಟು, ನೀರು ಎಷ್ಟು, ಎಲ್ಲ ಅವಳನ್ನೇ ಕೇಳಬೇಕು. ಆ ವರ್ಷವೂ ಬಂದಿದ್ದ ಮಂಜವ್ವ, ನಾವು ಒಂದೇ ಕ್ಲಾಸಿನವರು ಎಂದು ಅವಳ ಜೋಡಿಯೇ ಬುತ್ತಿ ಬಿಚ್ಚುತ್ತಿದ್ದಳು. ಅಷ್ಟು ಹಗುರಾಗಿ ಫಕೀರಬಿ ಎಂದೂ ಇದ್ದಿರಲಿಲ್ಲ.

ಕೊನೆಯ ದಿನ ಬೇವಿನ ಗಿಡದ ಕೆಳಗೆ ಸಭೆ. ಗದಗಿನಿಂದ ದೊಡ್ಡ ಸಾಹೇಬರೂ ಬಂದಿದ್ದರು, ಉಡಚಪ್ಪ ಮಾಸ್ತರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಕೆಲಸ ಕಲಿತ ಪ್ರತಿಯೊಬ್ಬರಿಗೂ ಒಂದು ಕಾಗದ. ಮೂರು ಪ್ರಶ್ನೆ ಅಚ್ಚಾಗಿದ್ದವು. ಎದುರಿಗೆ ಉತ್ತರ ಮಾಲಕನ ಕೈಬರಹದ್ದು, ಕೆಳಗೆ ಮಾಲಕನ ಸಹಿ. ಫಕೀರಬಿಗೆ ಚೌಕಟ್ಟಿನ ಅಂಗಡಿ ಯಾವುದೆಂಬುದೂ ನಿಶ್ಚಯವಾಗಿತ್ತು. ಮಾಶಾಕನ ಫೋಟೋದ ಪಕ್ಕ ಗೋಡೆಯಲ್ಲಿ ಜಾಗವಿತ್ತು. ಅವಳ ಸರದಿ ಬಂದಾಗ ದೊಡ್ಡ ಸಾಹೇಬರಿಗೆ ಉತ್ಸಾಹ ಬಂದು, ಹೋದ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದ ತಾಯಿ ಇವತ್ತು ಇದನ್ನು ತಾವೇ ಓದಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಂಡಲೀಕಪ್ಪ ಮಾತ್ರ ಕುರ್ಚಿಯಿಂದ ಅರ್ಧ ಎದ್ದ.

ಫಕೀರಬಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಅಕ್ಷರ ಕೂಡಿಸುತ್ತ ಗಟ್ಟಿಯಾಗಿ ಓದಿದಳು.

"ಹೆಸರು. ಫಕೀರಬಿ."

ಮಾಸ್ತರನ ಮುಖ ಅರಳಿತು.

"ಈ ಕೆಲಸ... ಮೊದಲು... ಬರುತ್ತಿತ್ತೇ. ಇಲ್ಲ."

ತಪ್ಪು ಓದಿದೆನೇನೋ ಎಂದು ಬೆರಳನ್ನು ಹಿಂದೆ ತಂದು ಮತ್ತೆ ಓದಿದಳು. ಇ, ಲ, ಕೆಳಗೆ ಲ ಒತ್ತು. ಇಲ್ಲ ಎಂದೇ ಇತ್ತು. ಧ್ವನಿ ತಗ್ಗಿತು, ಆದರೆ ನಿಲ್ಲಿಸಲಿಲ್ಲ.

"ಯಾರಲ್ಲಿ ಕಲಿತರು. ನನ್ನಲ್ಲಿ. ಪುಂಡಲೀಕಪ್ಪ."

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೆಯೇ ಕೆಳಗಿಳಿದವು. ದೊಡ್ಡ ಸಾಹೇಬರು ಏನೂ ತಿಳಿಯದೆ ಅವರಿವರ ಮುಖ ನೋಡಿದರು. ಫಕೀರಬಿಗೆ ಕೆಲಸಕ್ಕೆ ಬೇಡ ಎಂದಾಗ ಎದೆ ಒಡೆದಿತ್ತು, ಬೀಜ ಕುದಿಸಿದಾಗ ಅಳು ಬಂದಿತ್ತು. ಈಗ ಅಳುವೂ ಬರಲಿಲ್ಲ. ಹನ್ನೊಂದು ವರ್ಷ, ಹನ್ನೆರಡನೆಯದೂ ಮುಗಿಯುತ್ತ ಬಂದಿತ್ತು, ಎರಡಕ್ಷರದಲ್ಲಿ ಹೋಯಿತು. ಶಾಲೆಗೆ ಹೋಗು ಎಂದವನು ಅವನೇ. ಹೋದವಳಿಗೆ ಓದಲು ಬರುತ್ತದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಪುಂಡಲೀಕಪ್ಪ ಎದ್ದು ಬಂದು ಸಣ್ಣ ದನಿಯಲ್ಲಿ, "ಅಕ್ಕಾ, ಕೆಲಸಾ ಬರತಿತ್ತು ಅಂತ ಬರದ್ರ ಸರಕಾರ ಅರ್ಧಾ ಕೂಲಿ ಕೊಡೂದಿಲ್ಲ. ಎಲ್ಲಾರ್ದೂ ಹಂಗ ಬರದೀನಿ" ಎಂದ.

ಅದು ಖರೆಯೇ. ಪಕ್ಕದಲ್ಲಿ ನಿಂತಿದ್ದ ಮಂಜವ್ವನ ಕಾಗದದಲ್ಲೂ ಅವೇ ಮಾತಿದ್ದವು. ಆ ಹುಡುಗಿ ತನ್ನ ಕಾಗದದ ಕೊನೆಯ ಸಾಲು ನೋಡಿ, ಫಕೀರಬಿಯನ್ನು ನೋಡಿ, ತಲೆ ತಗ್ಗಿಸಿದಳು.

ಫಕೀರಬಿ ಕಾಗದವನ್ನು ಹರಿಯಲಿಲ್ಲ. ಮಡಿಕೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ಪುಂಡಲೀಕಪ್ಪನ ಮುಂದೆ ಚಾಚಿದಳು.

"ಅಕ್ಷರಾ ಬರದಿದ್ರ ಇದಕ್ಕ ಚೌಕಟ್ಟ ಹಾಕಿಸಿ ಗ್ವಾಡಿಗೆ ತೂಗಹಾಕತಿದ್ನಿರಿ ಧಣ್ಯಾರ. ದಿನಾ ಮುಂಜಾನೆ ಕೈ ಮುಗೀತಿದ್ನಿ" ಎಂದಳು. "ನೀವ ಇಟ್ಕೋರಿ."

ಅವನು ತೆಗೆದುಕೊಂಡ. ಅವಳು ಗಿಡದ ಬುಡದಲ್ಲಿಟ್ಟಿದ್ದ ಬುತ್ತಿ ಗಂಟನ್ನು ಎತ್ತಿಕೊಂಡು ಜಾಲಿ ಸಸಿಗಳ ನಡುವಿನ ದಾರಿಯಲ್ಲಿ ನಡೆದು ಗೇಟು ದಾಟಿದಳು. ಯಾವ ಜಾಗ ಉಳಿಸಿಕೊಳ್ಳಲೆಂದು ಇಡೀ ವರ್ಷ ಬಳಪ ಮುರಿದಿದ್ದಳೋ ಆ ಜಾಗಕ್ಕೆ ಮತ್ತೆಂದೂ ಹೋಗಲಿಲ್ಲ. ಪುಂಡಲೀಕಪ್ಪ ಮೂರು ಸಲ ಕರೆಯಲು ಹೋದ. ಮೂರು ಸಲವೂ ಅವಳು ಹಿತ್ತಲಲ್ಲಿ ಕೂತು ತನ್ನದೇ ಸಸಿಯ ಪಾಕೀಟಿಗೆ ಮಣ್ಣು ತುಂಬುತ್ತಿದ್ದಳು. ಚಹಾ ಕೊಟ್ಟಳು, ಮಾತಾಡಿಸಿದಳು, ಬರುತ್ತೇನೆಂದು ಮಾತ್ರ ಹೇಳಲಿಲ್ಲ.