ಜಯಮ್ಮನವರ ಜಗಲಿಯ ಸಂಜೆ

ಕಾಲೇಜುಗಳ ಪ್ರವೇಶದ ಕಾಲ ಬಂತೆಂದರೆ ಕುಮಾರಸ್ವಾಮಿ ಲೇಔಟಿನ ನಮ್ಮ ಎದುರು ಮನೆಯ ಕೆಂಪು ಜಗಲಿ ತುಂಬಿಹೋಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಪ್ಪಂದಿರು, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡ ಅಮ್ಮಂದಿರು, ನಡುವೆ ಮೊಬೈಲಿನ ಮೇಲೆ ತಲೆ ಬಗ್ಗಿಸಿದ ಹೆಣ್ಣುಮಕ್ಕಳು, ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕಾದವರಂತೆ ಸಾಲಾಗಿ ಕುಳಿತಿರುತ್ತಿದ್ದರು. ಅವರೆಲ್ಲರ ಎದುರು, ಬಾಗಿಲ ಚೌಕಟ್ಟಿಗೆ ಒರಗಿ, ಸೊಂಟಕ್ಕೆ ಬೀಗದ ಕೈಗಳ ಗೊಂಚಲನ್ನು ಸಿಕ್ಕಿಸಿಕೊಂಡು, ಎಲೆಯಡಿಕೆ ಮೆಲ್ಲುತ್ತ ಜಯಮ್ಮನವರು ನಿಂತಿರುತ್ತಿದ್ದರು.

"ರೂಮು ಎಲ್ಲೂ ಓಡೋಗಲ್ಲ. ದೀಪ ಹಚ್ಚೋ ತನಕ ಇಲ್ಲೇ ಕೂತ್ಕಳಿ. ಬೀದಿ ನೋಡಿ. ಆಮೇಲೆ ರೂಮು ನೋಡೋರಂತೆ."

ಇದು ಅವರ ನಿಯಮ. ಬೆಳಿಗ್ಗೆ ಬಂದವರನ್ನು ಸಂಜೆಗೆ ಬನ್ನಿರೆಂದು ಕಳುಹಿಸುತ್ತಿದ್ದರು. ಸಂಜೆ ಬಂದವರಿಗೆ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದರು. ಬಾಗಿಲ ಪಕ್ಕದ ಗೂಡಿನಲ್ಲಿದ್ದ ಹಿತ್ತಾಳೆಯ ದೀಪವನ್ನು ಹಚ್ಚಿ, ಕೈಮುಗಿದು, ಸೆರಗಿನಲ್ಲಿ ಕೈ ಒರೆಸಿಕೊಂಡ ಮೇಲೆಯೇ ಬೀಗದ ಕೈ ಸೊಂಟದಿಂದ ಹೊರಗೆ ಬರುತ್ತಿತ್ತು. ಕೆಳಗೆ ಮಗ ಸೊಸೆಯೊಡನೆ ತಾವಿದ್ದು, ಹತ್ತಿರದ ಕಾಲೇಜುಗಳಲ್ಲಿ ಓದುವ ಹುಡುಗಿಯರಿಗಾಗಿ ಮಹಡಿಯ ಮೇಲೆ ಕೋಣೆಗಳನ್ನು ಕಟ್ಟಿಸಿದ್ದರು. ಮನೆ ಕಟ್ಟುವಾಗ ಮೇಸ್ತ್ರಿ ಜಗಲಿಯ ಜಾಗದಲ್ಲಿ ಕಾರು ನಿಲ್ಲಿಸಬಹುದೆಂದು ಸೂಚಿಸಿದನಂತೆ. "ಕಾರು ಕೂತ್ಕಂಡು ಮಾತಾಡ್ತದೇನಯ್ಯ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದರು.

ನಾನು ಸಂಸ್ಕೃತದ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಸಾಯಂಸಂಧ್ಯೆಯ ಅರ್ಘ್ಯವನ್ನು ಮನೆಯ ಮುಂದಿನ ತುಳಸಿಕಟ್ಟೆಯ ಬಳಿ ಕೊಡುವುದು ನನ್ನ ಅಭ್ಯಾಸ. ಆದ್ದರಿಂದ ನನ್ನ ಅರ್ಘ್ಯದ ಹೊತ್ತು ಮತ್ತು ಅವರ ಜಗಲಿಯ ಹೊತ್ತು ಒಂದೇ ಆಗಿತ್ತು. ಹಗಲಿರುಳುಗಳು ಸೇರುವ ಆ ಹೊತ್ತಿನಲ್ಲಿ ಮನಸ್ಸು ತನ್ನ ನಿಜವಾದ ಬಣ್ಣವನ್ನು ತೋರಿಸುತ್ತದೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಊರೂ ಹಾಗೆಯೇ ಎಂಬುದು ಜಯಮ್ಮನವರ ಸಿದ್ಧಾಂತ.

ಈ ಬಡಾವಣೆ ಹುಟ್ಟುವ ಮೊದಲು ಇಲ್ಲಿ ಅವರ ಮಾವನವರ ಹೊಲವಿತ್ತು. ನಾವು ಗೃಹಪ್ರವೇಶ ಮಾಡಿದ ದಿನ ಊಟ ಮುಗಿಸಿ, ಮನೆಯೆಲ್ಲ ಸುತ್ತಿ ಬಂದು, ದೇವರಮನೆಯ ಮುಂದೆ ನಿಂತರು. "ಮೇಷ್ಟ್ರೇ, ಇದು ನಮ್ಮ ಅವರೆಸಾಲು. ನಿಮ್ಮ ದೇವರು ನಮ್ಮ ಹೊಲದಲ್ಲಿ ಕೂತವ್ನೆ, ಚೆನ್ನಾಗಿ ನೋಡ್ಕಳಿ" ಎಂದರು. ಆ ಮಾತಿನಲ್ಲಿ ಹೋದ ನೆಲದ ಕೊರಗಿರಲಿಲ್ಲ. ಕೊಟ್ಟ ಮಗಳ ಕ್ಷೇಮ ವಿಚಾರಿಸುವ ಧಾಟಿಯಿತ್ತು. ಅಂದಿನಿಂದ ಸೊಗಡಿನ ಅವರೆಯ ಕಾಲದಲ್ಲಿ ಅವರು ಆರಿಸಿ ತಂದುಕೊಟ್ಟ ಕಾಯಿಯೇ ನಮ್ಮ ದೇವರ ನೈವೇದ್ಯಕ್ಕೆ ಒದಗುತ್ತಿತ್ತು.

ಭಾಷೆ ಅವರಿಗೆ ಎಂದೂ ಅಡ್ಡಿಯಾಗಲಿಲ್ಲ. ತಮಿಳು, ತೆಲುಗು, ಹಿಂದಿಗಳನ್ನು ಬೇಕಾದಷ್ಟೇ ಚಿವುಟಿ ತೆಗೆದು ಕನ್ನಡಕ್ಕೆ ಒಗ್ಗರಣೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಉತ್ತರದ ಕಡೆಯಿಂದ ಒಬ್ಬ ದೊಡ್ಡ ಅಧಿಕಾರಿ ಹೆಂಡತಿ ಮಗಳೊಡನೆ ಬಂದು, ಕೈಗಡಿಯಾರ ತೋರಿಸುತ್ತ, "ಟೈಮ್ ನಹೀ ಹೈ, ಮೇಡಂ" ಎಂದರು.

"ಟೈಮ್ ನಹೀ ತೋ ಬೇಟಿ ಕೋ ಕಾಯ್ಕು ಇಧರ್ ಛೋಡ್ತಾ? ಬೈಠೋ ಸಾರ್, ಬೈಠೋ. ಮಜ್ಜಿಗೆ ಪೀಯೋ."

ಅಧಿಕಾರಿಗಳು ಕುಳಿತರು. ಹೂ ಮಾರುವವಳು ಮನೆಮನೆಯ ಬಾಗಿಲಲ್ಲಿ ಮೊಳ ಹಾಕುವುದನ್ನು, ಕಾಲೇಜಿನ ಹುಡುಗಿಯರು ಬಸ್ಸಿಳಿದು ನಗುತ್ತ ಬರುವುದನ್ನು, ಇಸ್ತ್ರಿ ಗಾಡಿಯವನು ಅವರಲ್ಲೊಬ್ಬಳನ್ನು ಕರೆದು ಮರೆತ ದುಪಟ್ಟಾ ಕೊಡುವುದನ್ನು ನೋಡಿದರು. ದೀಪ ಹಚ್ಚುವ ಹೊತ್ತಿಗೆ ಅವರ ಗಡಿಯಾರ ಅಂಗಿಯ ತೋಳಿನೊಳಗೆ ಸೇರಿತ್ತು. ಆದರೆ ಜಯಮ್ಮನವರು ಕೋಣೆ ತೋರಿಸಿದ ಮೇಲೆ ತಾಯಿಯನ್ನು ಪಕ್ಕಕ್ಕೆ ಕರೆದು, ಮಗುವಿಗೆ ಧೈರ್ಯ ಇನ್ನೂ ಬಂದಿಲ್ಲವೆಂದೂ ನೀವೊಂದು ವಾರ ಇಲ್ಲೇ ಇದ್ದು ಹೋಗಬೇಕೆಂದೂ ಕೈಸನ್ನೆಯಲ್ಲೇ ತಿಳಿಸಿದರು. ಆ ತಾಯಿ ಉಳಿದರು; ಮುದ್ದೆ ನುಂಗಲು ಕಲಿತೇ ರೈಲು ಹತ್ತಿದರು.

ನಿಮಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದಾಗ ನಕ್ಕರು. "ಬೀದಿ ನೋಡೋದು ಅವರು, ಮೇಷ್ಟ್ರೇ. ನಾನು ನೋಡೋದು ಅವರನ್ನ. ಅಮ್ಮನ ಕೈಯಿಂದ ನೀರಿನ ಬಾಟ್ಲು ಇಸ್ಕಂಡು ಕುಡಿಯೋ ಮಗು ಯಾವುದು, ತಾನು ಕುಡಿಯೋಕೆ ಮುಂಚೆ ಅಮ್ಮನಿಗೆ ಕೊಡೋ ಮಗು ಯಾವುದು, ಅಷ್ಟು ತಿಳಿದ್ರೆ ಸಾಕು."

ನನ್ನ ಮೊಮ್ಮಗಳು ಅನಘಾ ಬೆಳೆದದ್ದು ಅರ್ಧ ನಮ್ಮ ಮನೆಯಲ್ಲಿ, ಅರ್ಧ ಆ ಜಗಲಿಯ ಮೇಲೆ. ಶಾಲೆಯಿಂದ ಬಂದವಳೇ ಚೀಲವನ್ನು ಇಲ್ಲಿ ಎಸೆದು ಅಲ್ಲಿಗೆ ಓಡುತ್ತಿದ್ದಳು. ಯಾವ ಮನೆಯ ಕೆಳಗೆ ರಾಗಿ ಚೆನ್ನಾಗಿ ಬರುತ್ತಿತ್ತು, ಯಾವ ತಿರುವಿನಲ್ಲಿ ಮಣ್ಣು ನೀರು ಹಿಡಿಯುತ್ತಿರಲಿಲ್ಲ ಎಂಬುದು ಅವಳಿಗೆ ಕಂಠಪಾಠವಾಗಿತ್ತು. ಪಿಯುಸಿ ಮುಗಿದಾಗ ಅವಳಿಗೆ ಎರಡು ದಾರಿಗಳು ತೆರೆದವು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇಂಜಿನಿಯರಿಂಗ್, ಧಾರವಾಡದಲ್ಲಿ ಕೃಷಿವಿಜ್ಞಾನ. ಅವಳ ಮನಸ್ಸು ಎರಡನೆಯದರಲ್ಲಿ ನೆಟ್ಟಿತ್ತು. ಲೋಕವೆಲ್ಲ ಮಕ್ಕಳನ್ನು ಓದಿಸಲು ನಮ್ಮ ಬೀದಿಗೆ ಬರುತ್ತಿರುವಾಗ ನಮ್ಮ ಮಗು ಬೀದಿ ಬಿಟ್ಟು ಹೋಗುವುದೇ ಎಂಬುದು ಅವಳ ತಾಯಿ, ನನ್ನ ಸೊಸೆ ಸುಮಾಳ ಸಂಕಟ.

ನನ್ನ ಮಗ ಶ್ರೀನಿಧಿ ಎಲ್ಲವನ್ನೂ ತೂಗಿ ನೋಡುವವನು. ಗಂಡಹೆಂಡಿರು ಬೆಳಗಿನ ರೈಲಿನಲ್ಲಿ ಧಾರವಾಡಕ್ಕೆ ಹೋದರು. ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಎಲ್ಲವೂ ಮನೆಯದೇ. ವಿಶ್ವವಿದ್ಯಾಲಯದ ಗ್ರಂಥಾಲಯ, ಪ್ರಯೋಗಾಲಯ, ಹೊಲಗಳನ್ನು ನೋಡಿ, ಮಧ್ಯಾಹ್ನ ಪೇಟೆಯಲ್ಲೊಂದು ಸುತ್ತು ಹಾಕಿ, ಸಿಕ್ಕ ರೈಲಿಗೆ ಹಿಂದಿರುಗಿದರು. ಮರುದಿನ ಸಂಜೆ ಸುಮಾ ಜಯಮ್ಮನವರಿಗೆ ವರದಿ ಒಪ್ಪಿಸಿದಳು. ನಾನು ತುಳಸಿಕಟ್ಟೆಯ ಬಳಿ ಇದ್ದೆ.

"ಕ್ಯಾಂಪಸ್ಸೇನೋ ಚೆನ್ನಾಗಿದೆ, ಜಯಮ್ಮ. ಊರಲ್ಲಿ ಮಾತ್ರ ಜೀವವೇ ಇಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ವು. ಬೀದೀಲಿ ಒಂದು ನರಪಿಳ್ಳೆ ಇಲ್ಲ. ಅಲ್ಲಿ ಮಗೂನ ಹ್ಯಾಗೆ ಬಿಡೋದು? ಇಂಜಿನಿಯರಿಂಗೇ ಗಟ್ಟಿ ಮಾಡ್ಕೋತೀವಿ."

"ಸಂಜೆ ಎಲ್ಲಿ ಕೂತಿದ್ರಿ?"

"ಸಂಜೆ ಟ್ರೈನಲ್ಲಿದ್ವಿ."

ಜಯಮ್ಮನವರು ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ತಾಯಿ! ಊರು ಉಂಡು ಮಲಗಿತ್ತು ಕಣಮ್ಮ. ಮಧ್ಯಾಹ್ನ ಹೋಗಿ, ಮಲಗಿರೋ ಊರನ್ನ ಸತ್ತೋಗ್ಯದೆ ಅಂತ ನೋಡ್ಕಂಡು ಬಂದಿದ್ದೀರಲ್ಲ!"

ಸುಮಾಳಿಗೆ ನಗು ಬರಲಿಲ್ಲ. ಬಹು ದಿನಗಳಿಂದ ಒಳಗಿದ್ದದ್ದು ಹೊರಗೆ ಬಂತು. "ನೀವು ಸುಮ್ನಿರಿ, ಜಯಮ್ಮ. ಮಣ್ಣು, ಹೊಲ, ಅವರೆಸಾಲು ಅಂತ ಚಿಕ್ಕಂದಿನಿಂದ ಅವಳ ತಲೆ ತುಂಬಿಸಿದ್ದೇ ನೀವು. ಕಳಿಸೋ ಸಂಕಟ ನಿಮಗೇನು ಗೊತ್ತು? ನೀವು ಬರೀ ಬೇರೆಯವರ ಮಕ್ಕಳನ್ನ ಇಟ್ಕೊಳ್ಳೋರು."

ಜಯಮ್ಮನವರು ದೀಪ ಹಚ್ಚಿದರು, ಕೈಮುಗಿದರು. ಆಮೇಲೆ ರಸ್ತೆ ದಾಟಿ ನಮ್ಮ ಗೇಟಿಗೆ ಬಂದು, ನನ್ನ ಆಚಮನ ಮುಗಿಯುವವರೆಗೂ ಕಾದು, "ಮೇಷ್ಟ್ರೇ, ಸೀಟು ಗಟ್ಟಿ ಮಾಡೋಕೆ ಇನ್ನೂ ನಾಕು ದಿನ ಅದಂತೆ. ಒಂದು ಸಂಜೆ ನನ್ನನ್ನೂ ಕರ್ಕಂಡು ಹೋಗಿ. ಆಮೇಲೆ ಬೇಡ ಅಂದ್ರೆ ಬೇಡ" ಎಂದರು. ನಾನು ಮಗನಿಗೆ ಹೇಳಿದೆ. ಅವನು ನನ್ನ ಮಾತನ್ನು ಮೀರುವವನಲ್ಲ.

ಹಾಗೆ ನಾವು ಐವರು ಧಾರವಾಡದಲ್ಲಿ ಇಳಿದೆವು. ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಸಿಗುವುದು ಖಚಿತವಿಲ್ಲದ್ದರಿಂದ, ಕೋಣೆ ಕೊಡುವ ಗಂಗಕ್ಕನೆಂಬವರ ಮನೆಯನ್ನು ವಿಚಾರಿಸಿಕೊಂಡು ಸಂಜೆಯ ಹೊತ್ತಿಗೇ ಹೋದೆವು. ಕಾಸಿನಷ್ಟಗಲ ಕುಂಕುಮ, ಹಸಿರು ಇಳಕಲ್ ಸೀರೆ, ಮುಂಬಾಗಿಲ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಖೋಲಿ ಐತ್ರಿ" ಎಂದರು ಗಂಗಕ್ಕ. "ಆದ್ರ ಹುಡುಗಿ ನನಗ ಸೇರಬೇಕಲ್ಲ? ಕುಂದರ್ರಿ. ನಿನ್ನ ಹೆಸರೇನವಾ? ಸಿಟ್ಟು ಬಂದ್ರ ಊಟ ಬಿಡ್ತಿ ಏನು?"

"ಇಲ್ಲ, ಸಿಟ್ಟು ಬಂದ್ರೆ ಇನ್ನೂ ಜಾಸ್ತಿ ತಿಂತೀನಿ" ಎಂದಳು ಅನಘಾ.

"ಶಾಣ್ಯಾಕಿ ಅದೀ! ಮಂದಿ ಮನ್ಯಾಗ ಇರಾಕ ಇದ ಬೇಕು." ಆಮೇಲೆ ನಮ್ಮ ಮೇಲೆಲ್ಲ ಕಣ್ಣಾಡಿಸಿ, ಜಯಮ್ಮನವರ ಬಳಿ ನಿಲ್ಲಿಸಿದರು. "ನೀವು ಇಕಿಗೆ ಏನಾಗಬೇಕ್ರಿ?"

ಯಾವ ಭಾಷೆಯಲ್ಲೂ ಮಾತಿಗೆ ತಡವರಿಸದ ಜಯಮ್ಮನವರು ಅಂದು ಕನ್ನಡದಲ್ಲೇ ತಡವರಿಸಿದರು. "ನಾನು... ಎದುರು ಮನೆಯವಳು."

"ಅಜ್ಜಿ ಆಗ್ಬೇಕು" ಎಂದಳು ಸುಮಾ. ಅವಳ ದೃಷ್ಟಿ ಬೀದಿಯ ಮೇಲೆಯೇ ಇತ್ತು. ಜಯಮ್ಮನವರು ಸೆರಗಿನ ತುದಿಯಿಂದ ಎಲೆಯಡಿಕೆ ತೆಗೆದು, ಸುಣ್ಣ ಹಚ್ಚುವುದರಲ್ಲಿ ಬಹಳ ಹೊತ್ತು ಮಗ್ನರಾದರು.

ನಾವು ಕುಳಿತೆವು. ಮಲಗಿದ್ದ ಊರು ಎದ್ದಿತ್ತು. ಪೇರಲಹಣ್ಣಿನ ಗಾಡಿ ಬಂತು; ಅದರ ಪರಿಮಳವೇ ಗಾಡಿಗಿಂತ ಮುಂದೆ ಬಂತು. ಅಂಗಡಿಯ ಮುಂದೆ ಮುದುಕರು ಮಾತಿಗೆ ನಿಂತರು. ಎಲ್ಲಿಂದಲೋ ತಂಬೂರಿ ಶ್ರುತಿಗೊಳ್ಳುವ ಸದ್ದು ಕೇಳಿಸಿತು. ಪಾದಗಳಲ್ಲಿ ಕರಿಮಣ್ಣು ಮೆತ್ತಿಕೊಂಡ ಕೃಷಿ ವಿದ್ಯಾರ್ಥಿನಿಯರು ಗುಂಪುಗಟ್ಟಿ ಬಂದರು. ಗಂಗಕ್ಕ ಸೊಪ್ಪಿನಿಂದ ತಲೆಯೆತ್ತಿ ಅವರಲ್ಲೊಬ್ಬಳನ್ನು ತಡೆದರು.

"ಏ ಸುಜಾತಾ, ಮುಂಜಾನೆ ರೊಟ್ಟಿ ಹಂಗ ಇಟ್ಟು ಹೋಗಿಯಲ್ಲ, ಯಾರ ಮ್ಯಾಲೆ ಸಿಟ್ಟು?"

"ಪ್ರ್ಯಾಕ್ಟಿಕಲ್ ಇತ್ರೀ, ಅಕ್ಕಾರ."

"ಪ್ರ್ಯಾಕ್ಟಿಕಲ್‌ದಾಗ ರೊಟ್ಟಿ ತಿನಬ್ಯಾಡ ಅಂತ ಹೇಳಿಕೊಡ್ತಾರೇನು? ಒಳಗ ನಡಿ, ಮೊದಲ ಉಣ್ಣು."

ಹುಡುಗಿ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದಳು. ಶ್ರೀನಿಧಿ ಅದನ್ನು ನೋಡಿದ. ನಾನು ಕಟ್ಟೆಯ ಮೂಲೆಯಲ್ಲಿ ಪಶ್ಚಿಮಾಭಿಮುಖವಾಗಿ ನಿಂತು ಅರ್ಘ್ಯ ಕೊಟ್ಟೆ. ಪರಸ್ಥಳದಲ್ಲಿ ನಿಂತಿದ್ದೇನೆಂಬ ಭಾವನೆ ನನ್ನಲ್ಲಿ ಹುಟ್ಟಲಿಲ್ಲ. ಅದನ್ನು ಭಗವಂತನ ಅನುಮತಿಯೆಂದೇ ಸ್ವೀಕರಿಸಿದೆ. ಗಂಗಕ್ಕ ದೇವರಿಗೆ ದೀಪ ಹಚ್ಚಿ ಹೊರಗೆ ಬಂದಾಗ, ಯಾರೂ ಕೇಳುವ ಮೊದಲೇ ಜಯಮ್ಮನವರು ಎದ್ದು ನಿಂತರು.

"ಸೇರಿಸಿ, ಶ್ರೀನಿಧಿ. ಈ ಯಮ್ಮ ನನಗಿಂತ ಜೋರು."

ಶ್ರೀನಿಧಿ ಹೆಂಡತಿಯ ಮುಖ ನೋಡಿದ. ಸುಮಾ ತಲೆಯಾಡಿಸಿದಳು. "ಸರಿ, ಹಾಗಾದ್ರೆ ಇಲ್ಲೇ" ಎಂದ ಅವನು. ಅನಘಾ ಮಾತ್ರ ಯಾರನ್ನೂ ನೋಡದೆ ಜಯಮ್ಮನವರ ಬೆನ್ನಿಗೆ ಮುಖ ಒತ್ತಿ ನಿಂತಳು. ಹೊರಡುವಾಗ ಜಯಮ್ಮನವರು ಗಂಗಕ್ಕನ ಕೈ ಹಿಡಿದು ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ನಿಮ್ಮ ಬೀದಿ ನಾನು ನೋಡ್ದೆ. ನಮ್ಮ ಬೀದೀನೂ ನೀವೊಂದ್ಸಲ ಬಂದು ನೋಡ್ಬೇಕು. ಈ ಮಗು ಎಲ್ಲಿಂದ ಬಂತು ಅಂತ ನಿಮಗೂ ಗೊತ್ತಾಗ್ಬೇಕಲ್ಲ?"

"ಬರ್ತೇನ್ರಿ, ಖರೇನ ಬರ್ತೇನಿ" ಎಂದರು ಗಂಗಕ್ಕ. ಹೊರಡುವ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತೆಂದು ನಾನು ತಿಳಿದೆ.

ಅನಘಾ ಹೋದ ಮೇಲೆ ಆ ಜಗಲಿಯ ಸಂಜೆಗಳು ಮೊದಲಿನಂತೆಯೇ ನಡೆದವು. ಬಂದ ತಂದೆತಾಯಿಗಳಿಗೆ ಜಯಮ್ಮನವರು ಈಗ ಹೊಸದೊಂದು ಮಾತನ್ನೂ ಹೇಳುತ್ತಿದ್ದರು. "ನಮ್ಮ ಮಗೂನೂ ಹೊರಗೇ ಓದ್ತಾ ಅವಳೆ." ರಜೆಗೆ ಬಂದ ಮೊಮ್ಮಗಳು ನಮ್ಮ ಮನೆಯ ಹೊಸಿಲನ್ನು ಮುಟ್ಟಿ, ಚೀಲ ಇಟ್ಟು, ಅಲ್ಲಿಗೇ ಓಡುತ್ತಿದ್ದಳು. ಮಣ್ಣಿನ ಬಗೆಗಳನ್ನು ಈಗ ಅವಳು ಹೇಳುವಳು, ಜಯಮ್ಮನವರು ತಕರಾರು ತೆಗೆಯುವರು. "ನಿಮ್ಮ ಕಾಲೇಜಿನ ಮೇಷ್ಟ್ರು ಅವರೆ ತಿಂದಿಲ್ಲ ಅಂತ ಕಾಣ್ತದೆ, ಬಿಡು" ಎಂದು ವಾದ ಮುಗಿಸುವರು.

ಅವಳು ಮೂರನೆಯ ವರ್ಷದಲ್ಲಿದ್ದಾಗ ಜಯಮ್ಮನವರು ತೀರಿಕೊಂಡರು. ಒಂದು ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಜಗಲಿಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ನನ್ನ ಪ್ರಾರ್ಥನೆಯಲ್ಲಿ ನಾನು ನನಗಾಗಿ ಬೇಡಿಕೊಳ್ಳುವಂಥ ಮರಣ. ಅನಘಾಳಿಗೆ ಪರೀಕ್ಷೆ ನಡೆಯುತ್ತಿತ್ತು. ಅವಳು ಬರುವ ಹೊತ್ತಿಗೆ ಉತ್ತರಕ್ರಿಯೆಗಳೆಲ್ಲ ಮುಗಿದಿದ್ದವು. ಅವಳು ಒಬ್ಬಳೇ ಬರಲಿಲ್ಲ. ಆಟೋದಿಂದ ಅವಳ ಹಿಂದೆ, ಹಸಿರು ಇಳಕಲ್ ಸೀರೆ, ಕಾಸಿನಷ್ಟಗಲ ಕುಂಕುಮ.

"ಬರ್ತೇನಿ ಅಂದಿದ್ನಲ್ರೀ" ಎಂದರು ಗಂಗಕ್ಕ. "ತಡ ಮಾಡಿದೆ."

ಸುಮಾ ಅವರನ್ನು ಒಳಗೆ ಕರೆದಳು. ಅವರು ಬರಲಿಲ್ಲ. ಅನಘಾಳಿಂದ ಎಷ್ಟೋ ಸಲ ಕೇಳಿದ್ದ ಎದುರು ಮನೆಯ ಜಗಲಿಗೆ ನೆಟ್ಟಗೆ ಹೋಗಿ ಕುಳಿತರು. ಸಂಜೆಯಾಗುತ್ತಿತ್ತು. ಹೂವಿನವಳು ಬಂದಳು, ಎದುರು ಮನೆಯ ಬಾಗಿಲಲ್ಲಿ ಎಂದಿನಂತೆ ನಿಂತು, ನೆನಪಾಗಿ, ಒಂದು ಮೊಳ ಹೂವನ್ನು ಗೂಡಿನಲ್ಲಿಟ್ಟು ಹೋದಳು. ಹುಡುಗಿಯರು ಬಸ್ಸಿಳಿದು ಬಂದರು. ಇಸ್ತ್ರಿ ಗಾಡಿಯವನು ಅನಘಾಳನ್ನು ಗುರುತಿಸಿ, "ಯಾವಾಗ್ ಬಂದ್ಯಮ್ಮ? ಊಟ ಗೀಟ ಸರಿಯಾಗಿ ಮಾಡ್ತೀಯ ಅಲ್ಲಿ?" ಎಂದು ಕೂಗಿ ಕೇಳಿದ. ಗಂಗಕ್ಕ ಎಲ್ಲವನ್ನೂ ನೋಡಿದರು. ಪಕ್ಕದಲ್ಲಿ ಕುಳಿತ ಅನಘಾ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮೊದಲು ಅವರಿಗೆ ಕೊಟ್ಟಳು.

ಕತ್ತಲು ಇಳಿಯಿತು. ಗೂಡಿನ ದೀಪ ಹಚ್ಚುವವರಿರಲಿಲ್ಲ. ಜಯಮ್ಮನವರ ಮಗ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಗಂಗಕ್ಕ ಏಳಲಿಲ್ಲ. ತುಳಸಿಕಟ್ಟೆಯ ಬಳಿ ಬೊಗಸೆಯಲ್ಲಿ ನೀರು ಹಿಡಿದು ನಿಂತ ನನಗೂ ಅರ್ಘ್ಯ ಬಿಡಲು ಕೈ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅನಘಾ ಎದ್ದಳು. ನಮ್ಮ ಮನೆಯಿಂದ ಎಣ್ಣೆ, ಬತ್ತಿ, ಬೆಂಕಿಪೆಟ್ಟಿಗೆ ತಂದಳು. ದೀಪ ಹಚ್ಚಿ, ಕೈಮುಗಿದು, ದುಪಟ್ಟಾದ ತುದಿಯಲ್ಲಿ ಕೈ ಒರೆಸಿಕೊಂಡಳು.

ನಾನು ಅರ್ಘ್ಯ ಬಿಟ್ಟೆ. ಗಂಗಕ್ಕ ಎದ್ದು, ಸೆರಗು ಸರಿಪಡಿಸಿಕೊಂಡು, ನಮ್ಮ ಮನೆಯ ಕಡೆ ತಿರುಗಿದರು.

"ಬಾರವಾ" ಎಂದರು, "ಈಗ ನಿಮ್ಮ ಮನಿ ತೋರಸು."