ಎರಡೂ ಹೊತ್ತು

ನಾನು ನರ್ಸ್ ಅಲ್ಲ. ಆದರೂ ಬೀದರಿನ ಆ ದವಾಖಾನೆಯಲ್ಲಿ ಕೆಲಸಕ್ಕಿದ್ದಷ್ಟು ದಿನವೂ ಎಲ್ಲರೂ ನನ್ನನ್ನು ಸಿಸ್ಟರ್ ಎಂದೇ ಕರೆದರು. ಬಿ.ಎ. ಮುಗಿಸಿ, ಎಲ್ಲಿಯೂ ನೌಕರಿ ಸಿಗದೆ, ಪರಿಚಯದವರು ಹೇಳಿದರೆಂದು ಸೇರಿಕೊಂಡವಳು ನಾನು. ಚೀಟಿ ಬರೆಯುವುದು, ತೂಕ ನೋಡುವುದು, ಬಗಲಿಗೆ ಥರ್ಮಾಮೀಟರ್ ಇಡುವುದು, ತೋಳಿಗೆ ಬಿ.ಪಿ. ಪಟ್ಟಿ ಕಟ್ಟುವುದು, ನಾನು ಮೊದಲು ಬಂದೆ ನೀ ಆಮೇಲೆ ಬಂದೆ ಎಂದು ಜಗಳವಾಡುವವರನ್ನು ಬೆಂಚಿನ ಮೇಲೆ ಕೂಡಿಸುವುದು, ಇಷ್ಟೇ ನನ್ನ ವಿದ್ಯೆ. ಇಂಜೆಕ್ಷನ್ ಕೊಡುವುದನ್ನೂ ಕಲಿಸುತ್ತೇನೆ ಎಂದು ಡಾಕ್ಟರು ಒಂದೆರಡು ಸಲ ಹೇಳಿದ್ದರು. ನಾನೇ ಒಲ್ಲೆ ಎಂದೆ. ಆ ಪಗಾರಕ್ಕೆ ಜನರನ್ನು ಚುಚ್ಚುವ ಜವಾಬ್ದಾರಿ ಬೇರೆ ಯಾರಿಗೆ ಬೇಕು!

ದವಾಖಾನೆ ಎರಡು ಹೊತ್ತು ನಡೆಯುತ್ತಿತ್ತು. ಮುಂಜಾನೆ ಒಂದು ಹೊತ್ತು. ಮಧ್ಯಾಹ್ನ ಬಾಗಿಲು ಹಾಕಿ, ಸಂಜೆ ದೀಪ ಹಚ್ಚುವ ವೇಳೆಗೆ ಇನ್ನೊಂದು ಹೊತ್ತು. ನಾನು ಮೈಲೂರಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದೆ. ಮಧ್ಯಾಹ್ನ ಅಲ್ಲಿಗೆ ನಡೆದು ಹೋಗಿ, ಎರಡು ತುತ್ತು ತಿಂದು, ಕಾಲು ಚಾಚಿದೆ ಅನ್ನುವಷ್ಟರಲ್ಲಿ ಮತ್ತೆ ಏಳಬೇಕು. ಅದು ಹೋಗಲಿ, ಅಭ್ಯಾಸವಾಗಿತ್ತು. ಡಾಕ್ಟರ ಕಾಯ್ದೆ ಮಾತ್ರ ಕೊನೆಯವರೆಗೂ ನನಗೆ ಅಭ್ಯಾಸವಾಗಲಿಲ್ಲ. ದಿನ ಅಂದರೆ ಎರಡೂ ಹೊತ್ತು. ಒಂದು ಹೊತ್ತು ತಪ್ಪಿದರೆ ಆ ದಿನವೇ ಇಲ್ಲ. ತಿಂಗಳಿಡೀ ಯಾವ ಹೊತ್ತೂ ತಪ್ಪಿಸದವರಿಗೆ ಪಗಾರದ ಮೇಲೆ ಸ್ವಲ್ಪ ಇನಾಮು ಕೊಡುತ್ತಿದ್ದರು. ಇನಾಮು ಎಂದು ಅವರು ಅನ್ನುತ್ತಿದ್ದರು. ನಮಗೆ ಅದಿಲ್ಲದಿದ್ದರೆ ತಿಂಗಳು ಸಾಗುತ್ತಿರಲಿಲ್ಲ, ಹಾಗಾಗಿ ಅದನ್ನು ನಾವು ಪಗಾರವೆಂದೇ ಲೆಕ್ಕ ಹಿಡಿಯುತ್ತಿದ್ದೆವು.

ಆ ವರ್ಷ ಇನಾಮಿನ ಹಣವೆಲ್ಲ ಅವ್ವನ ಹಲ್ಲಿಗೆ ಹೋಗುತ್ತಿತ್ತು. ಅವ್ವ ಭಾಲ್ಕಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಸಕ್ಕರೆ ಕಾಯಿಲೆಯಿಂದ ಒಸಡು ಕೆಟ್ಟು, ಒಂದೊಂದೇ ಅಲುಗಾಡಿ, ಕೊನೆಗೆ ಮೇಲಿನ ಸಾಲನ್ನೆಲ್ಲ ಕೀಳಿಸಬೇಕಾಯಿತು. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆ ಹಾಕಿ ಮುದ್ದೆ ಮಾಡಿಕೊಂಡು ನುಂಗುತ್ತಿದ್ದಳು. ನಗುವಾಗ, ಮಾತಾಡುವಾಗ ಸೆರಗು ತಾನೇ ಬಾಯಿಗೆ ಹೋಗುತ್ತಿತ್ತು. ನಾನು ಅವಳನ್ನು ಬೀದರಿನಲ್ಲೇ ಚಿದ್ರಿಯ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಳತೆ ಕೊಡಿಸಿದೆ. ಹಲ್ಲಿನ ಸೆಟ್ಟು ತಯಾರಾಯಿತು. ಕಂತಿನಲ್ಲಿ ಕೊಡುತ್ತ ಬಂದು ಕೊನೆಯದೊಂದು ಉಳಿದಿತ್ತು. ಪೂರ್ತಿ ಚುಕ್ತಾ ಆದ ಮೇಲೆ ಒಯ್ಯಿರಿ ಎಂದಿದ್ದರು ಅವರು. ಹೀಗಾಗಿ ಅವ್ವ ಭಾಲ್ಕಿಯಲ್ಲಿ, ಅವಳ ಹಲ್ಲು ಬೀದರಿನಲ್ಲಿ ಒಂದು ಡಬ್ಬಿಯಲ್ಲಿ. ಫೋನಿನಲ್ಲಿ ಅವ್ವ ದಿನಾ ಕೇಳುತ್ತಿದ್ದಳು, "ನನ್ನ ಹಲ್ಲು ಆರಾಮ ಅದಾವೇನು?"

ಅವಸರಕ್ಕೆ ಕಾರಣವಿತ್ತು. ಔರಾದಿನಲ್ಲಿ ಅವ್ವನ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಸೊಸೆ ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿದ ಒಡಪು ಹೇಳಬೇಕು. ಹೇಳುವವಳು ಮದುಮಗಳಾದರೂ ಅವಳ ಬೆನ್ನ ಹಿಂದೆ ಕೂತು ಕಿವಿಯಲ್ಲಿ ಕಟ್ಟಿ ಕೊಡುವವಳು ಮಾತ್ರ ನಮ್ಮವ್ವ. ಯಾರ ಹೆಸರು ಕೊಟ್ಟರೂ ನಿಂತ ನಿಲುವಿನಲ್ಲಿ ಪ್ರಾಸ ಹೊಂದಿಸುತ್ತಿದ್ದಳು. ಬೀಗರು ಮರಾಠಿಯವರಾದರೆ ಮರಾಠಿಯಲ್ಲಿ, ಕನ್ನಡದವರಾದರೆ ಕನ್ನಡದಲ್ಲಿ. ಬೀಗರ ಹೊಟ್ಟೆ, ಮೀಸೆ, ತಂದ ಸೀರೆಯ ಬಣ್ಣ, ಎಲ್ಲ ಅದರಲ್ಲಿ ಬಂದುಬಿಡುತ್ತಿದ್ದವು. ಅವ್ವ ಇಲ್ಲದ ಮದುವೆ ಸಪ್ಪೆ ಎಂದು ಬಂಧುಗಳು ಬಾಯಿಬಿಟ್ಟು ಹೇಳುತ್ತಿದ್ದರು. ಮದುವೆ ಇದ್ದದ್ದು ಪಗಾರವಾದ ಮೇಲಿನ ಭಾನುವಾರ. ಆ ತಿಂಗಳ ಇನಾಮು ಕೈಗೆ ಬಂದರೆ ಕೊನೆಯ ಕಂತು ಕಟ್ಟಿ, ಅವ್ವನ ಬಾಯಿಗೆ ಹಲ್ಲು ಕೂಡಿಸಿ ಔರಾದಿಗೆ ಕರೆದೊಯ್ಯಬಹುದು. ನಾನು ಬೇರೇನೂ ಕೇಳಿರಲಿಲ್ಲ.

ಜ್ವರದ ಸುಗ್ಗಿ ಅದು. ಬೆಂಚು ತುಂಬಿ, ಮೆಟ್ಟಿಲ ಮೇಲೂ ಜನ. ದಿನವಿಡೀ ನನ್ನ ಮುಖದ ಮೇಲೆ ಕೆಮ್ಮುವವರು, ಸೀನುವವರು. ಒಂದು ಸಂಜೆ ಚೀಟಿ ಬರೆಯುತ್ತಿದ್ದಾಗ ಅಕ್ಷರಗಳು ಎರಡೆರಡಾಗಿ ಕಾಣತೊಡಗಿದವು. ಗೋಡೆ ಹಿಡಿದು ನಿಂತಿದ್ದನ್ನು ಡಾಕ್ಟರು ಒಳಗಿನಿಂದ ನೋಡಿದರು.

"ಸಿಸ್ಟರ್, ಒಳಗ ಬರ್ರಿ. ಕೂಡ್ರಿ ಇಲ್ಲಿ."

ರೋಗಿಗಳು ಕೂಡುವ ಸ್ಟೂಲಿನ ಮೇಲೆ ಅಂದು ನಾನು ಮೊದಲ ಸಲ ಕೂತೆ. ಡಾಕ್ಟರು ನಾಡಿ ಹಿಡಿದರು, ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟು ಉಸಿರು ಎಳೆಸಿದರು, ನಾನು ಎಲ್ಲರಿಗೂ ಇಡುವ ಥರ್ಮಾಮೀಟರನ್ನೇ ನನಗೂ ಇಟ್ಟು ನೋಡಿದರು.

"ಇಷ್ಟು ಬುಖಾರ ಇಟಗೊಂಡು ನಿಂತೀರಲ್ಲ, ತಲಿ ಕೆಟ್ಟದೇನು ನಿಮಗ? ಮೊದಲ ಮನಿಗಿ ಹೋಗ್ರಿ. ಈ ಗುಳಗಿ ತಗೊಂಡು ಮಲ್ಕೋರಿ. ಇಲ್ಲಿದು ನಾ ನೋಡ್ಕೋತೇನಿ."

"ಮಂದಿ ಭಾಳ ಅದಾರ್ರಿ ಸರ್."

"ಮಂದಿ ಇರ್ತಾರ. ಹೋಗ್ರಿ ಅಂದ್ರ ಹೋಗ್ರಿ."

ಫೀಸು ತೆಗೆದುಕೊಳ್ಳಲಿಲ್ಲ. ಗುಳಿಗೆಯನ್ನೂ ತಮ್ಮ ಸ್ಯಾಂಪಲ್ ಡಬ್ಬಿಯಿಂದಲೇ ಕೊಟ್ಟರು. ಆಟೋ ಹಿಡಿದು ಕೋಣೆಗೆ ಹೋಗಿ ಎರಡು ಚಾದರ ಹೊದ್ದು ಬಿದ್ದುಕೊಂಡೆ. ಅವ್ವನಿಗೆ ಫೋನಿನಲ್ಲಿ ನಡೆದದ್ದನ್ನು ಹೇಳಿದರೆ, "ಫೀಸ್ ಸೈತ ತಗೋಲಿಲ್ಲೇನು? ದೇವ್ರಂಥ ಮನಷ್ಯಾ ಇದ್ದಾರ ನೋಡವ್ವಾ" ಎಂದಳು. ನನಗೂ ಹಾಗೇ ಅನಿಸಿತ್ತು. ಮರುದಿನ ಮುಂಜಾನೆ ಜ್ವರ ಇಳಿದಿತ್ತು, ಮೈಯಲ್ಲಿ ಕಸುವಿರಲಿಲ್ಲ. ಆದರೂ ಎದ್ದು ಹೋದೆ. ಅಷ್ಟು ಒಳ್ಳೆಯ ಮನುಷ್ಯರಿಗೆ ತೊಂದರೆ ಕೊಡಬಾರದೆಂದು ಹೋದೆ, ನನ್ನ ಬುದ್ಧಿಗೆ ಏನನ್ನಬೇಕೋ!

ಪಗಾರವನ್ನು ಡಾಕ್ಟರೇ ಕೊಡುತ್ತಿದ್ದರು. ಅದೇ ಕೋಣೆ, ಅದೇ ಟೇಬಲ್ಲು, ಅದೇ ಪೆನ್ನು. ರೋಗಿಯಾಗಿ ಹೋದರೆ ಕೂಡಬಹುದಿತ್ತು, ಪಗಾರಕ್ಕೆ ಹೋದಾಗ ನಿಂತೇ ಇರಬೇಕು. ಲಕೋಟೆ ಹಿಡಿದ ಕೂಡಲೇ ಕಡಿಮೆ ಇದೆ ಎಂದು ಕೈಗೆ ಗೊತ್ತಾಯಿತು. ಇನಾಮು ಇರಲಿಲ್ಲ. ಆ ದಿನದ ಕೂಲಿಯೂ ಇರಲಿಲ್ಲ.

ನಾನು ಹೇಳಿದೆ, "ಸರ್, ಅವತ್ತು ನೀವೇ ಹೋಗ್ರಿ ಅಂದಿದ್ರಿ."

"ಹೌದು, ಅಂದಿದ್ದೆ," ಎಂದರು, ಸ್ವಲ್ಪವೂ ಸಿಟ್ಟಿಲ್ಲದೆ. "ಬ್ಯಾನಿ ಬಿದ್ದೋರಿಗಿ ಇಲ್ಲೇ ನಿಂದ್ರಿ ಅಂತ ಹ್ಯಾಂಗ ಹೇಳ್ಲಿ? ಅದು ಡಾಕ್ಟರ್ ಹೇಳೋ ಮಾತು ಸಿಸ್ಟರ್. ಇದು ದವಾಖಾನಿ ಕಾಯ್ದೆ. ಇವತ್ತ ನಿಮಗ ಬಿಟ್ರ ನಾಳಿ ಕಂಪೌಂಡರ್ ಬರ್ತಾನ, ನಾಡದು ಕಸ ಹೊಡಿಯಾಕಿ ಬರ್ತಾಳ. ಎಲ್ಲಾರಿಗೂ ಬ್ಯಾನಿ ಬರ್ತಾವ."

"ಮುಂಜಾನಿ ಹೊತ್ತು ಪೂರ್ತಿ ಮಾಡೀನ್ರಿ. ಸಂಜೀಕೂ ಅರ್ಧ ಮಂದಿ ಆಗಿದ್ರು."

"ದಿನ ಅಂದ್ರ ಎರಡೂ ಹೊತ್ತು," ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ನಿಜವಾದ ಕಾಳಜಿಯಿಂದಲೇ ಕೇಳಿದರು, "ಈಗ ತಬ್ಯತ್ ಹ್ಯಾಂಗ ಅದ?"

"ಆರಾಮ ಅದ್ರಿ," ಎಂದು ಬಂದೆ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಅಡ್ವಾನ್ಸ್ ಕೇಳಬೇಕೆಂದು ಬಾಯಿಗೆ ಬಂದಿತ್ತು, ಆದರೆ ಯಾರಿಗೂ ಅಡ್ವಾನ್ಸ್ ಕೊಡುವುದಿಲ್ಲ ಎಂಬುದೂ ಕಾಯ್ದೆಯೇ ಆಗಿತ್ತು. ಒಂದೇ ನಿಲುವಿನಲ್ಲಿ ಎರಡು ಸಲ ಇಲ್ಲ ಅನ್ನಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಚಿದ್ರಿಗೆ ಹೋಗಿ ಹಲ್ಲಿನ ಡಾಕ್ಟರನ್ನು ಕೇಳಿದೆ. ಅವರು ಡಬ್ಬಿ ತೆಗೆದು ಹಲ್ಲು ತೋರಿಸಿದರು, ಭಾಳ ಚಲೋ ಆಗಿವೆ ಎಂದರು, ಮುಂದಿನ ತಿಂಗಳು ಬನ್ನಿ ಎಂದು ಮತ್ತೆ ಮುಚ್ಚಿಟ್ಟರು.

ಭಾನುವಾರ ನಾನು ಬೀದರಿನಿಂದ, ಅವ್ವ ಭಾಲ್ಕಿಯಿಂದ, ಬೇರೆ ಬೇರೆ ಬಸ್ಸು ಹಿಡಿದು ಔರಾದಿಗೆ ಹೋದೆವು. ಅವ್ವ ಹಸಿರು ಸೀರೆ ಉಟ್ಟಿದ್ದಳು. ಬಸ್ಸು ಇಳಿದಾಗಿನಿಂದಲೇ ಸೆರಗು ಬಾಯಿಗೆ ಹಿಡಿದಿದ್ದಳು. ಅಕ್ಷತೆ ಆಯಿತು, ಊಟವಾಯಿತು. ಬೂಂದಿ, ಪೂರಿ ಮುಟ್ಟದೆ ಅನ್ನ ಸಾರು ಕಲಸಿಕೊಂಡು ಗೋಡೆ ಕಡೆ ಮುಖ ಮಾಡಿ ಉಂಡಳು. ಆಮೇಲೆ ಹೆಂಗಸರೆಲ್ಲ ಮದುಮಗಳ ಸುತ್ತ ಕೂತು, ಒಡಪು ಹೇಳು ಒಡಪು ಹೇಳು ಎಂದು ಗದ್ದಲ ಹಚ್ಚಿದರು. ಹುಡುಗಿ ಹಿಂದೆ ತಿರುಗಿ ಅವ್ವನನ್ನು ಹುಡುಕಿತು.

"ಅತ್ತಿ, ಬಾ ಇಲ್ಲಿ. ಹೇಳಿಕೊಡು."

ಅವ್ವ ತಲೆ ಅಲ್ಲಾಡಿಸಿದಳು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು, "ಇವರದೇ ಭಾಳ ಕೇಳೀವಿ, ಈಗ ಯಾಕ ಮಾತಾಡವಲ್ರು?" ಎಂದು ಚುಡಾಯಿಸಿದಳು. ಅವ್ವನ ಕಣ್ಣಲ್ಲಿ ಪ್ರಾಸ ಹೊಳೆದದ್ದು ನನಗೆ ಕಂಡಿತು. ಆ ಮುಖ ನನಗೆ ಗೊತ್ತು, ಹುಬ್ಬು ಒಂಚೂರು ಮೇಲೇರುತ್ತದೆ. ಆದರೆ ಸೆರಗು ಇಳಿಯಲಿಲ್ಲ. "ಗಂಟಲ ಬಿದ್ದದವ್ವಾ" ಎಂದು ಸೆರಗಿನೊಳಗಿನಿಂದಲೇ ಹೇಳಿ ಎದ್ದು ಹೊರಗೆ ಹೋದಳು. ಯಾರೋ ಮೊಬೈಲ್ ತೆಗೆದು ಅದರಲ್ಲಿದ್ದ ಒಂದು ಒಡಪನ್ನು ಹುಡುಗಿಯಿಂದ ಓದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಗುವಂಥದ್ದು ಏನೂ ಇರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಅವ್ವ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

"ಆ ಸಂಜಿ ನಾ ಮನಿಗಿ ಹೋಗಬಾರ್ದಿತ್ತವ್ವಾ."

"ಏನ್ ಮಾತಾಡ್ತಿ? ಬಿದ್ದು ಸಾಯ್ತಿದ್ದೇನು ಅಲ್ಲಿ? ಹಲ್ಲೇನು, ಮುಂದಿನ ತಿಂಗಳ ಬರ್ತಾವ," ಎಂದಳು ಅವ್ವ. ನನ್ನ ಬೆನ್ನು ಸವರಿದಳು. ನನ್ನೆದುರಿಗೂ ಸೆರಗು ಬಾಯಿಂದ ತೆಗೆಯಲಿಲ್ಲ.

ಮುಂದಿನ ತಿಂಗಳ ಕೊನೆಯ ವಾರದಲ್ಲಿ ಮತ್ತೆ ಜ್ವರ ಬಂತು. ಈ ಸಲ ನಾನು ಜಾಣಳಾಗಿದ್ದೆ. ದವಾಖಾನೆಯ ಮೆಡಿಕಲ್‌ನಲ್ಲಿ ಕೇಳಿದರೆ ಸುದ್ದಿ ಒಳಗೆ ಹೋಗುತ್ತದೆಂದು ಮೈಲೂರಿನ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗಿದೆ. ಮುಖಕ್ಕೆ ಪೌಡರ್ ಹಚ್ಚಿಕೊಂಡೆ. ಡಾಕ್ಟರು ಕರೆದಾಗ ದೂರದಿಂದಲೇ ಉತ್ತರ ಕೊಟ್ಟೆ. ದವಾಖಾನೆಯಲ್ಲಿ ನಿಂತು ಡಾಕ್ಟರಿಂದ ಕಾಯಿಲೆ ಮುಚ್ಚಿಡುವುದು ಎಷ್ಟು ದಣಿವಿನ ಕೆಲಸ ಎಂದು ಮಾಡಿ ನೋಡಿದವರಿಗೇ ಗೊತ್ತು. ಎರಡು ದಿನ ಹೀಗೇ ನಡೆಯಿತು.

ಮೂರನೆಯ ದಿನ ಸಂಜೆ ಚಿಂತಾಕಿಯಿಂದ ಒಬ್ಬ ಮುದುಕಿ ಬಂದಿದ್ದಳು. ಕುರಿ ಸಾಕುವ ಮನೆಯವಳು, ಮೈತುಂಬ ಕಂಬಳಿ. ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂಡಿಸಿ ಬಿ.ಪಿ. ಪಟ್ಟಿ ಕಟ್ಟಲು ಅವಳ ತೋಳು ಹಿಡಿದೆ. ಮುದುಕಿ ಬೆಚ್ಚಿ ನನ್ನ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡಳು.

"ಯವ್ವಾ, ಕೈ ಹೆಂಚು ಆಗ್ಯಾವಲ್ಲ! ನನಕಿಂತ ನಿನಗೇ ಜ್ವರ ಭಾಳ ಅದ. ಡಾಕ್ಟರ್ ಸಾಬ್, ಮೊದಲ ಈ ಹುಡುಗಿಗಿ ನೋಡ್ರಿ."

ಡಾಕ್ಟರ ಪೆನ್ನು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಅವರಿಗೆ ಗೊತ್ತಾಯಿತು. ಮೂವತ್ತು ವರ್ಷ ಜ್ವರ ನೋಡಿದ ಮನುಷ್ಯ, ನನ್ನ ಕಣ್ಣು ನೋಡಿದರೆ ಸಾಕು.

"ಈಗ ಚಾ ಕಪ್ಪು ಹಿಡ್ದಿದ್ದೆವ್ವಾ, ಅದಕ ಬೆಚ್ಚಗ ಅದಾವ," ಎಂದೆ ನಾನು ಮುದುಕಿಗೆ.

ಕೊನೆಯ ರೋಗಿ ಹೋಗುವವರೆಗೆ ಸಂಜೆ ಯಾರಿಗೂ ಚಹಾ ಇಲ್ಲ. ಅದನ್ನು ನಿಲ್ಲಿಸಿದವರೇ ಡಾಕ್ಟರು. ಏನಾಯಿತು ಎಂದು ಅವರು ಕೇಳಿದರೆ ನಾನು ಹೇಳಬೇಕಾಗುತ್ತಿತ್ತು, ಹೇಳಿದರೆ ಅವರು ಮನೆಗೆ ಹೋಗಿರಿ ಅನ್ನಬೇಕಾಗುತ್ತಿತ್ತು, ಹೋದರೆ ಮತ್ತೆ ಆ ದಿನದ ಕೂಲಿ, ಇನಾಮು ಎರಡೂ ಕತ್ತರಿಸಬೇಕಾಗುತ್ತಿತ್ತು.

"ಹೂಂ, ಈಗೇ ಚಾ ಕುಡ್ದಾರ ಅವರು," ಎಂದರು ಡಾಕ್ಟರು. "ನೀವು ನಾಲಿಗಿ ತೋರಸ್ರಿ ಅವ್ವಾ."

ಮುದುಕಿ ನನ್ನ ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡು ಪಟ್ಟಿ ಕಟ್ಟಿದೆ. ಡಾಕ್ಟರ ಮೇಲೆ ಆ ಕ್ಷಣ ನನಗೆ ಎಷ್ಟು ಕೃತಜ್ಞತೆ ಉಕ್ಕಿತೆಂದರೆ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ನೋಡಬಾರದೆಂದು ತಲೆ ತಗ್ಗಿಸಿಕೊಂಡೇ ಮುಂದಿನವರನ್ನು ಕರೆದೆ.